ಸೀಟು ಮೊದಲು, ಶಾಖೆ ಆಮೇಲೆ: ಬೈಲಹೊಂಗಲ ಸೀಮೆಯ ವಿದ್ಯಾರ್ಥಿಗಳು ಮತ್ತು ಶಾಖಾ ಬದಲಾವಣೆಯ ನಿಯಮ

"ಮೊದ್ಲ ಸೀಟ ಹಿಡಿ, ಬ್ರಾಂಚ್ ಆಮ್ಯಾಲ ನೋಡೂಣು." ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಸೀಟು ಹಂಚಿಕೆಯ ದಿನಗಳಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಮನೆಗಳಲ್ಲಿ ಈ ಮಾತು ಬಾರಿಬಾರಿಗೂ ಕೇಳುತ್ತದೆ. ಕಂಪ್ಯೂಟರ್ ಸೈನ್ಸ್ ಬೇಕಿತ್ತು, ಸಿಕ್ಕದ್ದು ಸಿವಿಲ್; ಇರಲಿ, ಕಾಲೇಜಿಗೆ ಸೇರೋಣ, ಮೊದಲ ವರ್ಷ ಚೆನ್ನಾಗಿ ಓದಿದರೆ ಎರಡನೇ ವರ್ಷಕ್ಕೆ ಬದಲಿಸಿಕೊಳ್ಳಬಹುದು ಎಂಬ ಭರವಸೆ ಇದರ ಹಿಂದಿದೆ. ಹೇಳುವವರು ಅಣ್ಣ, ಕಾಕಾ, ಪಕ್ಕದ ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಯಾರೋ ಒಬ್ಬರು. ಅವರ ಮಾತು ಪೂರ್ತಿ ಸುಳ್ಳಲ್ಲ, ನಿಯಮ ಇದೆ. ಆದರೆ ಅದು ಯಾರಿಗೆ, ಯಾವಾಗ, ಎಷ್ಟರ ಮಟ್ಟಿಗೆ ದಕ್ಕುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ ಮೇಲಿನ ಭರವಸೆಯ ಬಹುಭಾಗ ನಿಲ್ಲುವುದಿಲ್ಲ. ಪ್ರವೇಶ ನಿಯಮಗಳನ್ನೂ ಈ ಸೀಮೆಯ ಶಿಕ್ಷಣದ ಇತಿಹಾಸವನ್ನೂ ಒಟ್ಟಿಗಿಟ್ಟು ಓದುವುದು ಈ ಟಿಪ್ಪಣಿಯ ಕೆಲಸ.

ನಾಲ್ಕೂ ತಾಲ್ಲೂಕುಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಕಿತ್ತೂರು ಬೈಲಹೊಂಗಲದಿಂದ ಬೇರೆಯಾಗಿ ತಾಲ್ಲೂಕಾದದ್ದು. ಬೆಳಗಾವಿ–ಧಾರವಾಡ ಹೆದ್ದಾರಿಯ ಮೇಲಿರುವುದರಿಂದ ಅಲ್ಲಿನ ಮಕ್ಕಳಿಗೆ ಎರಡೂ ಊರು ಹತ್ತಿರ. ಸವದತ್ತಿಯವರು ಧಾರವಾಡದ ಕಡೆ ಮುಖ ಮಾಡುತ್ತಾರೆ. ರಾಮದುರ್ಗ ಮಲಪ್ರಭೆಯ ದಂಡೆಯಲ್ಲಿ, ಜಿಲ್ಲೆಯ ಪೂರ್ವದ ತುದಿಗೆ. ಎಂಜಿನಿಯರಿಂಗ್ ಎಂದರೆ ಅಲ್ಲಿಂದ ಹಾಸ್ಟೆಲ್ ಅಥವಾ ರೂಮು ಮಾಡಿ ಇರುವುದೇ ಆಗಬೇಕು. ಹೀಗಾಗಿ ಈ ಭಾಗದ ಮನೆಗಳಲ್ಲಿ "ಯಾವ ಶಾಖೆ" ಎಂಬ ಪ್ರಶ್ನೆ ಒಂಟಿಯಾಗಿ ಬರುವುದಿಲ್ಲ. ಯಾವ ಊರು, ದಿನಾ ಬಸ್ಸಿಗೆ ಹೋಗಿ ಬರಲು ಆಗುತ್ತದೆಯೇ, ಮಗಳನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆಗಳ ಜೊತೆಗೇ ಬರುತ್ತದೆ.

ಮೊದಲು ಇತಿಹಾಸ. ಸೇರಿದ ಮೇಲೆ ಶಾಖೆ ಆರಿಸಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ. ಒಂದು ಕಾಲಕ್ಕೆ ಅದೇ ರೂಢಿಯಾಗಿತ್ತು. 1956ಕ್ಕೆ ಮೊದಲು ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಮ್ಯಾಟ್ರಿಕ್ ಮುಗಿಸಿದ ಹುಡುಗ ಧಾರವಾಡದ ಕರ್ನಾಟಕ ಕಾಲೇಜನ್ನೋ (1917), 1933ರಿಂದೀಚೆಗೆ ಬೆಳಗಾವಿಯ ಲಿಂಗರಾಜ ಕಾಲೇಜನ್ನೋ ಸೇರುತ್ತಿದ್ದ. ಕಾಲೇಜಿನ ಮೊದಲ ಎರಡು ವರ್ಷ ಇಂಟರ್‌ಮೀಡಿಯೆಟ್. ವಿಜ್ಞಾನದವರು ಅಲ್ಲಿ ಪಡೆದ ಅಂಕಗಳ ಮೇಲೆಯೇ ಎಂಜಿನಿಯರಿಂಗಿಗೆ, ವೈದ್ಯಕೀಯಕ್ಕೆ ಅಥವಾ ಬಿ.ಎಸ್‌ಸಿ.ಗೆ ಹೋಗುವುದು ತೀರ್ಮಾನವಾಗುತ್ತಿತ್ತು. ಅಂದರೆ ಪೈಪೋಟಿಯ ಕೋರ್ಸಿನ ಬಾಗಿಲು ತೆರೆಯುತ್ತಿದ್ದದ್ದು ಕಾಲೇಜಿನೊಳಗೆ ಎರಡು ವರ್ಷ ಕಳೆದ ಮೇಲೆ. ಹಳ್ಳಿಯಿಂದ ಬಂದವನಿಗೆ ಇಂಗ್ಲಿಷ್ ಪಾಠಕ್ಕೆ ಕಿವಿ ಹೊಂದಿಸಿಕೊಳ್ಳಲು, ಪ್ರಯೋಗಾಲಯದ ಉಪಕರಣಗಳನ್ನು ಮುಟ್ಟಿ ನೋಡಲು ಅಷ್ಟು ಕಾಲ ಸಿಗುತ್ತಿತ್ತು.

ಆ ಕಾಲಾವಕಾಶಕ್ಕೆ ಹಣ ಬೇಕಿತ್ತು, ಅನ್ನ ಬೇಕಿತ್ತು. ಇವನ್ನು ಒದಗಿಸಿದವರಲ್ಲಿ ಸವದತ್ತಿ ತಾಲ್ಲೂಕಿನ ಹೆಸರೊಂದು ಎದ್ದು ಕಾಣುತ್ತದೆ: ಶಿರಸಂಗಿಯ ಲಿಂಗರಾಜ ದೇಸಾಯರು (1861–1906). 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟು ಹೋದರು. ಬೆಳಗಾವಿಯ ಕಾಲೇಜು ಹೊತ್ತಿರುವುದು ಅವರ ಹೆಸರನ್ನೇ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ ಇನ್ನೊಂದು ಆಸರೆ; ಉಚಿತ ಊಟ, ವಸತಿ ಇರದಿದ್ದರೆ ಈ ಸೀಮೆಯ ಎಷ್ಟೋ ಮಂದಿಗೆ ಇಂಟರ್‌ವರೆಗೆ ತಲುಪುವುದೇ ಆಗುತ್ತಿರಲಿಲ್ಲ. ಪಂಡಿತರು ಈ ದಾನಗಳನ್ನು ಸಮುದಾಯದ ಇತಿಹಾಸದಲ್ಲಿಟ್ಟು ನೋಡುತ್ತಾರೆ. ಶಿಕ್ಷಣದ ಇತಿಹಾಸದಲ್ಲೂ ಅವುಗಳಿಗೆ ಜಾಗವಿದೆ, ಏಕೆಂದರೆ ಅವು ಬಡ ವಿದ್ಯಾರ್ಥಿಗೆ ಕೊಟ್ಟದ್ದು ಶುಲ್ಕ ಮಾತ್ರವಲ್ಲ, ಆಯ್ಕೆಯನ್ನು ತಡವಾಗಿ ಮಾಡುವ ಸೌಲಭ್ಯ ಕೂಡ.

ಆಮೇಲಿನ ದಶಕಗಳಲ್ಲಿ ಈ ಸೌಲಭ್ಯ ಹಿಂದಕ್ಕೆ ಸರಿಯುತ್ತ ಹೋಯಿತು. 1947ರಲ್ಲಿ ಹುಬ್ಬಳ್ಳಿಗೆ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಬಂತು. 1979ರಲ್ಲಿ ಬೆಳಗಾವಿಯ ಗೋಗಟೆ ತಾಂತ್ರಿಕ ಸಂಸ್ಥೆ ಆರಂಭವಾಯಿತು. ಕಾಲೇಜುಗಳು ಹತ್ತಿರ ಬಂದವು. ಇತ್ತ ಇಂಟರ್‌ಮೀಡಿಯೆಟ್ ಹೋಗಿ ಪಿಯುಸಿ ಬಂತು, ಎರಡು ವರ್ಷದ ಪಿಯುಸಿ ಕ್ರಮೇಣ ಪದವಿಯಿಂದ ಬೇರ್ಪಟ್ಟ ಹಂತವಾಯಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಘಟಕ ಸ್ಥಾಪನೆಯಾದ ಮೇಲೆ ರಾಜ್ಯದ ಬಹುಪಾಲು ಸೀಟುಗಳು ಒಂದೇ ಸಾಲಿಗೆ ಬಂದವು. ದೇಣಿಗೆ ಕೊಡಲಾಗದ ಮನೆಗಳಿಗೆ ಇದರಿಂದ ಆದ ಉಪಕಾರ ದೊಡ್ಡದು. ಅದನ್ನು ಕಡೆಗಣಿಸಿ ಬರೆಯುವುದು ಅನ್ಯಾಯ. ಆದರೆ ಶಾಖೆ ನಿರ್ಧಾರವಾಗುವ ಗಳಿಗೆ ಇಪ್ಪತ್ತರ ಹತ್ತಿರದಿಂದ ಹದಿನೆಂಟಕ್ಕೆ, ಕಾಲೇಜಿನ ಒಳಗಿನಿಂದ ಹೊರಗಿನ ಪರದೆಯ ಮುಂದಕ್ಕೆ ಬಂತು. ಇಂದಿನ ಶಾಖಾ ಬದಲಾವಣೆಯ ನಿಯಮ ಆ ಹಳೆಯ ತಡವಾದ ಆಯ್ಕೆಯ ಉಳಿಕೆ, ಬಹಳ ಸಣ್ಣ ಉಳಿಕೆ.

ಈಗ ಆ ನಿಯಮವನ್ನು ನೋಡೋಣ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯವಸ್ಥೆಯಲ್ಲಿ ಶಾಖೆ ಬದಲಾವಣೆಗೆ ಅವಕಾಶವಿರುವುದು ಎರಡನೇ ವರ್ಷದ ಆರಂಭದಲ್ಲಿ, ಮೂರನೇ ಸೆಮಿಸ್ಟರ್‌ಗೆ ಕಾಲಿಡುವಾಗ. ಬೇಕಾದ ಶಾಖೆಯಲ್ಲಿ ಮಂಜೂರಾದ ಪ್ರವೇಶ ಮಿತಿಯೊಳಗೆ ಸೀಟು ಖಾಲಿ ಇರಬೇಕು. ಅರ್ಜಿ ಹಾಕಿದವರನ್ನು ಮೊದಲೆರಡು ಸೆಮಿಸ್ಟರ್‌ಗಳ ಸಿಜಿಪಿಎ (ಹತ್ತಕ್ಕೆ ಲೆಕ್ಕ ಹಾಕಿದ ಸರಾಸರಿ ಗ್ರೇಡ್) ಪ್ರಕಾರ ಸಾಲು ಹಚ್ಚಬೇಕು. ಮೇಲಧಿಕಾರಿಗಳ ಅನುಮೋದನೆ ಬೇಕು. ಸ್ವಾಯತ್ತ ಕಾಲೇಜುಗಳು ಇದರ ಮೇಲೆ ತಮ್ಮ ಷರತ್ತು ಸೇರಿಸುತ್ತವೆ, ಯಾವ ವಿಷಯದಲ್ಲೂ ಬಾಕಿ ಇರಬಾರದು ಎಂಬಂಥವು.

ಜನರ ಮಾತಿನಲ್ಲಿ ಉಳಿದಿರುವುದು ಸಿಜಿಪಿಎಯ ಭಾಗ ಮಾತ್ರ. "ಒಂಬತ್ತರ ಮ್ಯಾಲ ತಗದ್ರ ಆಗ್ತದ" ಎನ್ನುತ್ತಾರೆ. ನಿಯಮದ ಭಾರ ಬಿದ್ದಿರುವುದು ಖಾಲಿ ಸೀಟಿನ ಮೇಲೆ. ಹತ್ತಕ್ಕೆ ಒಂಬತ್ತೂವರೆ ತೆಗೆದ ಹುಡುಗಿಯೂ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಒಂದು ಕುರ್ಚಿ ಬರಿದಾಗದ ಹೊರತು ಅಲ್ಲಿಗೆ ಹೋಗಲಾರಳು. ಪೈಪೋಟಿಯ ಶಾಖೆ ಎಂದರೇ ಮೊದಲು ತುಂಬುವ ಶಾಖೆ. ಅಲ್ಲಿ ಸೀಟು ಬರಿದಾಗುವುದು ಸೇರಿದವರು ಬಿಟ್ಟು ಹೋದಾಗ. ನೀಟ್‌ನಲ್ಲಿ ವೈದ್ಯಕೀಯ ಸಿಕ್ಕವರು, ಎನ್ಐಟಿಯಂಥ ಕಡೆ ತಡವಾಗಿ ಸೀಟು ಬಂದವರು, ಮೊದಲ ವರ್ಷದಲ್ಲೇ ಓದು ಬಿಟ್ಟವರು. ಇವರಿಂದ ಅಲ್ಲೊಂದು ಇಲ್ಲೊಂದು ಜಾಗ ತೆರವಾಗುತ್ತದೆ. ಹೆಸರುವಾಸಿ ಕಾಲೇಜಿನಲ್ಲಿ ಆ ಒಂದೆರಡು ಜಾಗಕ್ಕೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ಗಳ ಅತ್ಯುತ್ತಮರೆಲ್ಲ ಮುಗಿಬೀಳುತ್ತಾರೆ.

ಸಾಲಿನಲ್ಲಿ ಇನ್ನೊಬ್ಬರೂ ಇದ್ದಾರೆ, ಇದನ್ನು ಮನೆಯವರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಡಿಪ್ಲೊಮಾ ಮುಗಿಸಿ ಅವರಿಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದವರು ನೇರ ಮೂರನೇ ಸೆಮಿಸ್ಟರ್‌ಗೆ ಸೇರುತ್ತಾರೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮದಂತೆ ಅವರಿಗೆ ಪ್ರವೇಶ ಮಿತಿಯ ಮೇಲೆ ಶೇ 10ರಷ್ಟು ಹೆಚ್ಚುವರಿ ಸೀಟುಗಳಿವೆ. ಮೊದಲ ವರ್ಷದಲ್ಲಿ ತುಂಬದೆ ಉಳಿದ ಸೀಟುಗಳೂ ಅವರ ಪಾಲಿಗೆ ಸೇರುತ್ತವೆ. ಶಾಖೆ ಬದಲಿಸಲು ಕಾದು ಕುಳಿತವಳು ಕಣ್ಣಿಟ್ಟಿರುವ ಖಾಲಿ ಸೀಟಿನ ಮೇಲೆ ಅವರ ಕಣ್ಣೂ ಇದೆ. ಅವರಲ್ಲಿ ಬಹಳ ಮಂದಿ ಇದೇ ಸೀಮೆಯ ರೈತರ, ನೇಕಾರರ ಮಕ್ಕಳು, ಹತ್ತನೇ ತರಗತಿ ಆದ ಕೂಡಲೇ ಪಾಲಿಟೆಕ್ನಿಕ್ ಹಾದಿ ಹಿಡಿದವರು. ಅವರ ದಾರಿ ಕಿರಿದಾಗಬೇಕೆಂದು ನಾನು ಹೇಳುತ್ತಿಲ್ಲ. ಖಾಲಿ ಸೀಟು ಒಂದೇ, ಕೈ ಚಾಚಿದವರು ಇಬ್ಬರು ಎಂಬುದು ತಿಳಿದಿರಬೇಕು, ಅಷ್ಟೇ.

ಪರಿಷತ್ತು 2024ರ ಕೈಪಿಡಿಯಲ್ಲಿ ಉತ್ತಮ ಸ್ಥಿತಿಯ ಸಂಸ್ಥೆಗಳಿಗೆ ಪ್ರವೇಶ ಸಂಖ್ಯೆಯ ಗರಿಷ್ಠ ಮಿತಿಯನ್ನು ತೆಗೆದುಹಾಕಿತು. ಬೇಡಿಕೆ ಇರುವ ಕಂಪ್ಯೂಟರ್ ಶಾಖೆಗಳ ಸೀಟು ಹೆಚ್ಚಿದ್ದು ಇದರ ಫಲ. ಹೆಸರಿಲ್ಲದ ಕಾಲೇಜುಗಳಲ್ಲಿ ಈಗ ಅದೇ ಶಾಖೆಯಲ್ಲಿ ಜಾಗ ಉಳಿಯಬಹುದು, ಬದಲಾವಣೆ ಅಲ್ಲಿ ಸಲೀಸೂ ಆಗಬಹುದು. ಆಗ ವಿದ್ಯಾರ್ಥಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಒಳ್ಳೆಯ ಕಾಲೇಜಿನ ಎಲೆಕ್ಟ್ರಾನಿಕ್ಸೋ, ಸಾಧಾರಣ ಕಾಲೇಜಿನ ಕಂಪ್ಯೂಟರೋ? ಇದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ; ಕಲಿಸುವವರು ಯಾರು, ಪ್ರಯೋಗಾಲಯ ಹೇಗಿದೆ ಎಂದು ಹೋಗಿ ನೋಡಿ ಬರುವುದು ಮೇಲು.

ಮೊದಲ ವರ್ಷದ ಅಂಕಗಳನ್ನು ಅಳತೆಗೋಲಾಗಿಸಿದ್ದು ಈ ಭಾಗದ ಮಕ್ಕಳ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಸಿಇಟಿ ಪ್ರವೇಶದಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಿದೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದವರು ದಾಟಿ ಬಂದ ದೂರವನ್ನು ಸರ್ಕಾರ ಒಪ್ಪಿಕೊಂಡದ್ದರ ಗುರುತು ಅದು. ಮೂರನೇ ಸೆಮಿಸ್ಟರ್‌ನ ಬಾಗಿಲಲ್ಲಿ ಸಾಲು ಹಚ್ಚುವುದು ಸಿಜಿಪಿಎ. ಆ ಸಿಜಿಪಿಎ ಹುಟ್ಟುವುದು ಇದೇ ವಿದ್ಯಾರ್ಥಿ ಅತಿ ಹೆಚ್ಚು ಎಡವುವ ವರ್ಷದಲ್ಲಿ. ಉಪನ್ಯಾಸ ಪೂರ್ತಿ ಇಂಗ್ಲಿಷಿನಲ್ಲಿ, ಡ್ರಾಯಿಂಗ್ ಕಂಪ್ಯೂಟರಿನ ಮೇಲೆ, ಪ್ರತಿ ವಿಷಯದ ನೂರರಲ್ಲಿ 50 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಸೆಮಿಸ್ಟರ್ ಶುರುವಾದ ಕೆಲವೇ ವಾರಗಳಲ್ಲಿ ಮೊದಲ ಇಂಟರ್ನಲ್ಸ್ ಬಂದು ನಿಲ್ಲುತ್ತವೆ. ಹಾಸ್ಟೆಲಿನ ಊಟಕ್ಕೇ ಇನ್ನೂ ಒಗ್ಗದ ಹೊತ್ತು ಅದು. ನಗರದ ಶಾಲೆಯಿಂದ ಬಂದವರು ಆ ಹೊತ್ತಿಗಾಗಲೇ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಿರುತ್ತಾರೆ. ಮೂರನೇ, ನಾಲ್ಕನೇ ಸೆಮಿಸ್ಟರ್‌ಗೆ ಬರುವಾಗ ಹಳ್ಳಿಯ ಹುಡುಗ ಹುಡುಗಿಯರು ಸರಿಸಮ ನಿಲ್ಲುವುದನ್ನು ಪಾಠ ಹೇಳುವವರೆಲ್ಲ ಕಂಡಿರುತ್ತಾರೆ. ಆಗ ಶಾಖೆ ಬದಲಾವಣೆಯ ಗಡುವು ಮುಗಿದು ಹೋಗಿರುತ್ತದೆ. ಆ ಮೊದಲ ವರ್ಷದಲ್ಲಿ "ಸಾಂಸ್ಕೃತಿಕ ಕನ್ನಡ" ಎಂಬ ಒಂದು ಕ್ರೆಡಿಟ್‌ನ ಪತ್ರಿಕೆಯೊಂದಿದೆ. ಬೈಲಹೊಂಗಲದ ವಿದ್ಯಾರ್ಥಿ ತನ್ನ ಭಾಷೆಯಲ್ಲಿ ಓದಿ ಬರೆಯುವುದು ಅದೊಂದನ್ನೇ.

ಪಠ್ಯಕ್ರಮವೂ ಒಂದು ತೊಡಕು ತಂದಿದೆ. ಹಿಂದೆ ಮೊದಲ ವರ್ಷ ಎಲ್ಲ ಶಾಖೆಗಳಿಗೂ ಬಹುಮಟ್ಟಿಗೆ ಒಂದೇ ಆಗಿತ್ತು. ವಿಟಿಯುವಿನ 2022ರ ಸ್ಕೀಮ್‌ನಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಎಂದು ಸ್ಟ್ರೀಮ್‌ಗಳಾದವು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಪತ್ರಿಕೆಗಳೂ ಸ್ಟ್ರೀಮ್‌ಗೆ ತಕ್ಕಂತೆ ಬೇರೆಯಾದವು. ಶಾಖೆಗೆ ಹೊಂದುವ ಗಣಿತವನ್ನು ಮೊದಲೇ ಕಲಿಸುವುದು ಒಳ್ಳೆಯ ಯೋಚನೆ. ಆದರೆ ಸಿವಿಲ್ ಸ್ಟ್ರೀಮ್‌ನಲ್ಲಿ ಮೊದಲ ವರ್ಷ ಓದಿದವಳು ಕಂಪ್ಯೂಟರ್ ವಿಭಾಗಕ್ಕೆ ಹೋಗಿ ಕುಳಿತರೆ ಅಲ್ಲಿನವರು ಓದಿ ಬಂದ ಪಾಠ ಅವಳದಾಗಿರುವುದಿಲ್ಲ. ಡೇಟಾ ಸ್ಟ್ರಕ್ಚರ್ಸ್ ತರಗತಿಯ ಮೊದಲ ದಿನವೇ ಅದು ಗೊತ್ತಾಗುತ್ತದೆ.

ಈಗ ಈ ಟಿಪ್ಪಣಿಯ ಮುಖ್ಯ ಅಂಶಕ್ಕೆ ಬರುತ್ತೇನೆ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಎಂಬ ಸೀಟುಗಳಿವೆ: ಪ್ರತಿ ಶಾಖೆಯ ಪ್ರವೇಶ ಮಿತಿಯ ಮೇಲೆ ಶೇ 5, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳಿಗೆ, ಬೋಧನಾ ಶುಲ್ಕ ಮನ್ನಾ ಸಹಿತ. ಬೈಲಹೊಂಗಲದ ಹತ್ತಿ ಬೆಳೆಗಾರರ, ರಾಮದುರ್ಗದ ಮಗ್ಗದವರ ಮನೆಗೆ ಇದು ದೊಡ್ಡ ಆಸರೆ. ಒಳ್ಳೆಯ ರ್‍ಯಾಂಕ್ ಬಂದ ಬಡ ಮಕ್ಕಳು ಈ ಸೀಟನ್ನೇ ಹುಡುಕುತ್ತಾರೆ, ಹುಡುಕಬೇಕು ಕೂಡ. ಆದರೆ ಶುಲ್ಕ ಮನ್ನಾ ಯೋಜನೆಯಡಿ ಸೇರಿದವರು ಯಾವ ಸಂದರ್ಭದಲ್ಲೂ ಸಂಸ್ಥೆಯನ್ನಾಗಲಿ ಕೋರ್ಸನ್ನಾಗಲಿ ಬದಲಿಸುವಂತಿಲ್ಲ ಎಂಬುದು ಪರಿಷತ್ತಿನ ಷರತ್ತು. "ಬ್ರಾಂಚ್ ಆಮ್ಯಾಲ ನೋಡೂಣು" ಎಂಬ ಮಾತು ಇವರ ಪಾಲಿಗೆ ಪೂರ್ತಿ ಸುಳ್ಳು. ಎಷ್ಟೇ ಅಂಕ ತೆಗೆಯಲಿ, ಎಷ್ಟೇ ಸೀಟು ಖಾಲಿ ಇರಲಿ, ಸೇರಿದ ಶಾಖೆಯೇ ನಾಲ್ಕು ವರ್ಷದ ಶಾಖೆ. ಷರತ್ತಿಗೆ ಆಡಳಿತದ ಕಾರಣ ಇರಬಹುದು: ಹೆಚ್ಚುವರಿ ಸೀಟು ಆ ಶಾಖೆಯ ಜೊತೆಗೇ ಹುಟ್ಟಿದ್ದು, ಅದನ್ನು ಎತ್ತಿ ಬೇರೆಡೆ ಇಡಲು ಬರುವುದಿಲ್ಲ. ಆದರೂ ಫಲಿತಾಂಶ ನನಗೆ ಕೆಡುಕೆನಿಸುತ್ತದೆ. ಹಣವಿದ್ದವರಿಗೆ ಕಿರಿದಾದರೂ ಒಂದು ಎರಡನೇ ಬಾಗಿಲಿದೆ. ಹಣವಿಲ್ಲದ ಜಾಣೆಗೆ ಅದೂ ಮುಚ್ಚಿದೆ. ಮನ್ನಾ ಬಿಟ್ಟುಕೊಟ್ಟು ಪೂರ್ತಿ ಶುಲ್ಕ ಕಟ್ಟುತ್ತೇನೆ ಎಂದು ಒಪ್ಪುವವರಿಗಾದರೂ ಅರ್ಜಿ ಹಾಕಲು ಬಿಡುವುದು ನ್ಯಾಯವಾದೀತು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಶಾಖೆ ನಿಜವಾಗಿ ಬದಲಾಗುವುದು ಎಲ್ಲಿ? ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯ ಸುತ್ತುಗಳ ನಡುವೆ, ಕಾಲೇಜಿನ ಮೆಟ್ಟಿಲು ಹತ್ತುವ ಮುನ್ನ. ಎಂಜಿನಿಯರಿಂಗ್ ರ್‍ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಸಿಇಟಿ ಅಂಕ ಅರ್ಧ, ಅದೇ ವಿಷಯಗಳ ಪಿಯುಸಿ ಅಂಕ ಅರ್ಧ. ಒಮ್ಮೆ ಬಂದ ರ್‍ಯಾಂಕ್ ಬದಲಾಗುವುದಿಲ್ಲ. ಬದಲಾಗಬಹುದಾದದ್ದು ಆಪ್ಷನ್ ಎಂಟ್ರಿಯಲ್ಲಿ ತುಂಬುವ ಕಾಲೇಜು–ಶಾಖೆಗಳ ಪಟ್ಟಿಯ ಕ್ರಮ. ಸೀಟು ಸಿಕ್ಕ ಮೇಲೆ ನಾಲ್ಕು ದಾರಿ. ಚಾಯ್ಸ್-1 ಎಂದರೆ ಸಿಕ್ಕದ್ದು ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್-2 ಎಂದರೆ ಇದು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದಕ್ಕೆ ಮುಂದಿನ ಸುತ್ತಿನಲ್ಲೂ ನನ್ನನ್ನು ಪರಿಗಣಿಸಿ. ಚಾಯ್ಸ್-3ರಲ್ಲಿ ಸಿಕ್ಕದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುತ್ತಾರೆ. ಚಾಯ್ಸ್-4ರಲ್ಲಿ ಪೂರ್ತಿ ಹೊರಬರುತ್ತಾರೆ.

ಇವುಗಳಲ್ಲಿ ಚಾಯ್ಸ್-2 ನಮ್ಮ ವಿಷಯಕ್ಕೆ ಮುಖ್ಯ. ಅದು ನೋಡುವುದು ಸಿಕ್ಕ ಆಯ್ಕೆಗಿಂತ ಮೇಲಿನವನ್ನು ಮಾತ್ರ. ಕೆಳಗಿನವು ಅಲ್ಲಿಗೆ ಬಿದ್ದು ಹೋಗುತ್ತವೆ. ಮೇಲಿನದೊಂದು ಸಿಕ್ಕರೆ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ, ಮರಳಿ ಬರುವಂತಿಲ್ಲ. ಮುಂದಿನ ಸುತ್ತಿಗೆ ಆಯ್ಕೆಗಳನ್ನು ಹಿಂದೆಮುಂದೆ ಮಾಡಬಹುದು, ತೆಗೆಯಬಹುದು. ಹೊಸದನ್ನು ಸೇರಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ.

ಕಲ್ಪಿತ ಉದಾಹರಣೆಯೊಂದನ್ನು ಕಟ್ಟಿ ನೋಡಬಹುದು. ಸವದತ್ತಿ ಕಡೆಯ ಒಬ್ಬ ವಿದ್ಯಾರ್ಥಿನಿ. ಅವಳಿಗೆ ಬೇಕಿರುವುದು ಕಂಪ್ಯೂಟರ್ ಸೈನ್ಸ್, ರ್‍ಯಾಂಕ್ ನಡುಮಟ್ಟದ್ದು. ಸೈಬರ್ ಕೇಂದ್ರದಲ್ಲಿ ಅಪ್ಪನ ಜೊತೆ ಕುಳಿತು ಪಟ್ಟಿ ತುಂಬುತ್ತಿದ್ದಾಳೆ. ಪಕ್ಕದಲ್ಲಿದ್ದವರು, "ಬೆಳಗಾವಿ ಎಲೆಕ್ಟ್ರಾನಿಕ್ಸ್ ನಿನಗ ಗ್ಯಾರಂಟಿ ಬರ್ತದ, ಅದನ್ನ ಮೊದ್ಲ ಹಾಕವ್ವಾ" ಎನ್ನುತ್ತಾರೆ. ಹೆದರಿಕೆಯಿಂದ ಅವಳು ಬೆಳಗಾವಿಯ ಎಲೆಕ್ಟ್ರಾನಿಕ್ಸ್ ಮೊದಲು, ಬೆಳಗಾವಿಯ ಕಂಪ್ಯೂಟರ್ ಎರಡನೆಯದು, ಧಾರವಾಡದ ಕಂಪ್ಯೂಟರ್ ಮೂರನೆಯದು ಎಂದು ತುಂಬುತ್ತಾಳೆ. ಮೊದಲ ಸುತ್ತಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಗುತ್ತದೆ. ಅದು ಪಟ್ಟಿಯ ತುದಿಯ ಆಯ್ಕೆ, ಅದರ ಮೇಲೆ ಏನೂ ಇಲ್ಲ. ಚಾಯ್ಸ್-2 ಒತ್ತಿದರೂ ಏರಲು ಮೆಟ್ಟಿಲಿಲ್ಲ.

ಅದೇ ಹುಡುಗಿ ಮನಸ್ಸಿನಲ್ಲಿದ್ದ ಕ್ರಮದಲ್ಲೇ ಬರೆದಿದ್ದಳು ಎನ್ನೋಣ: ಬೆಳಗಾವಿಯ ಕಂಪ್ಯೂಟರ್, ಧಾರವಾಡದ ಕಂಪ್ಯೂಟರ್, ಆಮೇಲೆ ಬೆಳಗಾವಿಯ ಎಲೆಕ್ಟ್ರಾನಿಕ್ಸ್. ಮೊದಲ ಸುತ್ತಿನಲ್ಲಿ ಮೇಲಿನ ಎರಡಕ್ಕೂ ರ್‍ಯಾಂಕ್ ಸಾಲದೆ ಅದೇ ಎಲೆಕ್ಟ್ರಾನಿಕ್ಸ್ ಸಿಗುತ್ತದೆ. ಮೇಲಿನದನ್ನು ಬರೆದದ್ದರಿಂದ ಅವಳಿಗಾದ ನಷ್ಟ ಸೊನ್ನೆ, ಏಕೆಂದರೆ ಹಂಚಿಕೆಯ ತಂತ್ರಾಂಶ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು ರ್‍ಯಾಂಕಿಗೆ ದಕ್ಕುವ ಮೊದಲ ಸೀಟಿನಲ್ಲಿ ನಿಲ್ಲುತ್ತದೆ. ಈಗ ಚಾಯ್ಸ್-2. ಎರಡನೇ ಸುತ್ತಿನ ಹೊತ್ತಿಗೆ ಕೆಲವರು ಬೇರೆಡೆ ಹೋಗಿ ಧಾರವಾಡದ ಕಂಪ್ಯೂಟರ್ ಒಂದು ತೆರವಾದರೆ ಅದು ಅವಳಿಗೆ ಬರುತ್ತದೆ. ರ್‍ಯಾಂಕ್ ಅದೇ, ಸೀಟುಗಳೂ ಅವೇ. ಮೂರು ಸಾಲುಗಳ ಕ್ರಮ ಮಾತ್ರ ಬೇರೆ. ಒಂದು ವರ್ಷ ಹಗಲಿರುಳು ಓದಿ, ಬಾರದ ಖಾಲಿ ಸೀಟಿಗೆ ಕಾಯುವ ಬದಲು ಇಲ್ಲಿ ಒಂದು ಸಂಜೆಯ ಎಚ್ಚರದಿಂದ ಶಾಖೆ ಬದಲಾಗುತ್ತದೆ. ಎಸ್‌ಎನ್‌ಕ್ಯೂ ಬಯಸುವವರಿಗಂತೂ ಇದೊಂದೇ ಅವಕಾಶ.

ನಿಜವಾದ ಹಂಚಿಕೆಗೆ ಮೊದಲು ಪ್ರಾಧಿಕಾರ ಅಣಕು ಹಂಚಿಕೆಯ ಫಲಿತಾಂಶ ಕೊಡುತ್ತದೆ. ಅದನ್ನು ನೋಡಿ ಪಟ್ಟಿ ತಿದ್ದಲು ಕೆಲವು ದಿನ ಸಿಗುತ್ತವೆ. ಅಣಕು ಫಲಿತಾಂಶದಲ್ಲಿ ಕಂಡದ್ದೇ ತಮ್ಮ ಸೀಟು ಎಂದು ನಂಬಿ, ಅದನ್ನೇ ಪಟ್ಟಿಯ ತುದಿಗೆ ತಂದಿಡುವವರಿದ್ದಾರೆ. ಮೇಲಿನ ಉದಾಹರಣೆಯ ತಪ್ಪು ಅಲ್ಲಿ ಮತ್ತೊಮ್ಮೆ ಆಗುತ್ತದೆ. ಇದನ್ನೆಲ್ಲ ಹೇಳಿಕೊಡಬೇಕಾದ ಜಾಗ ತಾಲ್ಲೂಕಿನ ಪಿಯು ಕಾಲೇಜು. ಭೌತಶಾಸ್ತ್ರದ ಮೇಷ್ಟ್ರು ಎರಡನೇ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಅರ್ಧ ದಿನ ಬೋರ್ಡಿನ ಮೇಲೆ ಪಟ್ಟಿ ಬರೆದು ತೋರಿಸಿದರೆ ಸಾಕಾಗುವ ವಿಷಯ. ಪರೀಕ್ಷೆ ಮುಗಿದ ಕೂಡಲೇ ಮಕ್ಕಳು ಊರಿಗೆ ಚದುರುತ್ತಾರೆ, ಆಪ್ಷನ್ ಎಂಟ್ರಿ ತಿಂಗಳುಗಳ ಮೇಲೆ ಬರುತ್ತದೆ. ನಡುವಿನ ಆ ತೆರಪಿನಲ್ಲಿ ಸಲಹೆ ಹೇಳುವವರು ಸೈಬರ್ ಕೇಂದ್ರದವರೇ ಆಗುತ್ತಾರೆ.

ಸೇರಿದ ಮೇಲೆ ಉಳಿಯುವ ಇನ್ನೊಂದು ಹಾದಿ ಶಾಖೆ ಬಿಡದೆ ಬೇರೆ ವಿಷಯ ಕಲಿಯುವುದು. ಪರಿಷತ್ತಿನ ಮಾದರಿ ಪಠ್ಯಕ್ರಮದಲ್ಲಿ 18ರಿಂದ 20 ಹೆಚ್ಚುವರಿ ಕ್ರೆಡಿಟ್ ಗಳಿಸಿ ಇನ್ನೊಂದು ವಿಷಯದಲ್ಲಿ ಮೈನರ್ ಪಡೆಯುವ ಕ್ರಮವಿದೆ. ಐಐಟಿಗಳಲ್ಲೂ ಗಾಳಿ ಈ ಕಡೆಗೇ ಬೀಸಿದೆ: ಮುಂಬೈ, ಹೈದರಾಬಾದ್ ಐಐಟಿಗಳು ಇತ್ತೀಚೆಗೆ ಹೊಸ ವಿದ್ಯಾರ್ಥಿಗಳಿಗೆ ಶಾಖಾ ಬದಲಾವಣೆಯನ್ನೇ ನಿಲ್ಲಿಸಿದವು. ಮೊದಲ ವರ್ಷವಿಡೀ ಅಂಕಗಳ ಒತ್ತಡದಲ್ಲಿ ಬೇಯುವುದು ತಪ್ಪಲಿ ಎಂಬುದು ಅದರ ಹಿಂದಿನ ಮುಖ್ಯ ಕಾರಣ.

ಎಂಜಿನಿಯರಿಂಗಿನ ಗದ್ದಲದಲ್ಲಿ ನಮ್ಮ ತಾಲ್ಲೂಕುಗಳ ಪದವಿ ಕಾಲೇಜುಗಳು ಮರೆಯಾಗಬಾರದು. ಹೆಚ್ಚಿನ ಮಕ್ಕಳು ಓದುವುದು ಅಲ್ಲೇ. 2010ರಲ್ಲಿ ಹುಟ್ಟಿದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ಈ ಕಾಲೇಜುಗಳಲ್ಲಿ ಸೇರಿದ ಮೇಲೆ ಮುಖ್ಯ ವಿಷಯ ಆರಿಸುವ ಪ್ರಯೋಗವೊಂದು ಮೂರು ವರ್ಷ ನಡೆಯಿತು. 2021ರ ಆಗಸ್ಟಿನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಯಲ್ಲಿ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ವಿದ್ಯಾರ್ಥಿ ಎರಡು ವಿಷಯ ಹಿಡಿದು ಸೇರುತ್ತಿದ್ದ. ಎರಡು ವರ್ಷ ಎರಡನ್ನೂ ಓದಿ, ಮೂರನೇ ವರ್ಷದ ಹೊಸ್ತಿಲಲ್ಲಿ ಒಂದನ್ನು ಮೇಜರ್ ಮಾಡಿಕೊಳ್ಳುವುದು, ಇನ್ನೊಂದನ್ನು ಮೈನರ್ ಮಾಡುವುದು, ಇಲ್ಲವೇ ಎರಡನ್ನೂ ಮೇಜರ್ ಆಗಿ ಇಟ್ಟುಕೊಳ್ಳುವುದು ಅವನಿಗೆ ಬಿಟ್ಟದ್ದಾಗಿತ್ತು. ಹಳೆಯ ಇಂಟರ್‌ಮೀಡಿಯೆಟ್ ಕೊಡುತ್ತಿದ್ದ ಎರಡು ವರ್ಷದ ಕಾಲಾವಕಾಶ ಬೇರೆ ವೇಷದಲ್ಲಿ ಮರಳಿ ಬಂದಂತೆ ಇದು ನನಗೆ ಕಾಣುತ್ತದೆ.

ಆದರೆ ಆಯ್ಕೆ ಕಾಲೇಜಿನ ಗೋಡೆಯೊಳಗಿನದು. ರಾಮದುರ್ಗದಲ್ಲಿ ಸಿ.ಎಸ್. ಬೆಂಬಳಗಿ ಕಲಾ, ಶಾ ಎಂ.ಆರ್. ಪಲರೇಶಾ ವಿಜ್ಞಾನ, ಜಿ.ಎಲ್. ರಾಠಿ ವಾಣಿಜ್ಯ ಮಹಾವಿದ್ಯಾಲಯವಿದೆ. ಮೂರು ವಿಭಾಗಗಳಿಗೆ ಮೂರು ಹೆಸರು. ಸವದತ್ತಿಯ ಕೆಎಲ್ಇ ಸಂಸ್ಥೆಯ ಎಸ್.ವಿ.ಎಸ್. ಬೆಳ್ಳುಬ್ಬಿ ಮಹಾವಿದ್ಯಾಲಯ ಹುಟ್ಟಿದ್ದು ಕಲಾ ಮತ್ತು ವಾಣಿಜ್ಯಕ್ಕೆಂದು. ಯಾವ ವಿಷಯಕ್ಕೆ ಅಧ್ಯಾಪಕರಿದ್ದಾರೋ ಆ ವಿಷಯವಷ್ಟೇ ಮೇಜರ್ ಆಗಬಲ್ಲದು. ಒಂದೇ ವಿಷಯಕ್ಕೆ ಒಬ್ಬರೇ ಕಾಯಂ ಅಧ್ಯಾಪಕರು, ಉಳಿದವರು ಅತಿಥಿ ಉಪನ್ಯಾಸಕರು ಎಂಬ ಪರಿಸ್ಥಿತಿಯಲ್ಲಿ, ಮೂರನೇ ವರ್ಷಕ್ಕೆ ಎಲ್ಲರೂ ಒಂದೇ ವಿಷಯದ ಕಡೆ ವಾಲಿದರೆ ಕಾಲೇಜು ಏನು ಮಾಡಬೇಕು? ನೀತಿಯ ಕಾಗದದಲ್ಲಿದ್ದ ಸ್ವಾತಂತ್ರ್ಯಕ್ಕೆ ವೇಳಾಪಟ್ಟಿಯಲ್ಲಿ ಜಾಗ ಹುಡುಕಬೇಕಾಯಿತು.

2024ರ ಮೇ ತಿಂಗಳಲ್ಲಿ, ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ, ಸರ್ಕಾರ ರಾಷ್ಟ್ರೀಯ ನೀತಿಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟಿತು. 2024–25ರಿಂದ ಮತ್ತೆ ಮೂರು ವರ್ಷದ ಪದವಿ, ಸೇರುವಾಗಲೇ ಗೊತ್ತುಮಾಡಿಕೊಳ್ಳಬೇಕಾದ ಮೂರು ವಿಷಯಗಳ ಸಂಯೋಜನೆ. ರಾಷ್ಟ್ರೀಯ ನೀತಿಯ ಕ್ರಮದಲ್ಲಿ ಕೊನೆಯದಾಗಿ ಸೇರಿದವರು 2023–24ರ ತಂಡದವರು. ಅವರು ಮೂರನೇ ವರ್ಷಕ್ಕೆ ಕಾಲಿಟ್ಟದ್ದು 2025–26ರಲ್ಲಿ. ಆ ಕ್ರಮದ ಮೂರೂ ವರ್ಷಗಳ ತಂಡಗಳ ಪ್ರವೇಶ, ಪರೀಕ್ಷೆ, ವಿಷಯಗಳ ನೋಂದಣಿ ನಡೆದದ್ದು ರಾಜ್ಯದ ಏಕೀಕೃತ ಜಾಲವಾದ ಯುಯುಸಿಎಂಎಸ್‌ನಲ್ಲಿ. ಸೇರುವಾಗ ಎರಡು ವಿಷಯ ಹೇಳಿದ ವಿದ್ಯಾರ್ಥಿ ಎರಡು ವರ್ಷ ಓದಿ ನೋಡಿದ ಮೇಲೆ ಯಾವುದರ ಕಡೆ ಹೊರಳಿದ, ಕನ್ನಡದಿಂದ ಅರ್ಥಶಾಸ್ತ್ರಕ್ಕೋ, ಭೌತಶಾಸ್ತ್ರದಿಂದ ಗಣಿತಕ್ಕೋ ಎಂಬುದು ಕಾಲೇಜುವಾರು ಅಲ್ಲಿ ದಾಖಲಾಗಿದೆ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಮಟ್ಟಿಗೆ ಆ ದಾಖಲೆಯನ್ನು ಗಂಡು–ಹೆಣ್ಣು, ಗ್ರಾಮೀಣ–ಪಟ್ಟಣ, ಪಿಯುಸಿ ಮಾಧ್ಯಮ ಎಂದು ವಿಂಗಡಿಸಿ, ಪ್ರತಿ ವಿಭಾಗದ ಕಾಯಂ ಅಧ್ಯಾಪಕರ ಸಂಖ್ಯೆಯ ಪಕ್ಕದಲ್ಲಿಟ್ಟು ಓದಬೇಕು. ವಿಶ್ವವಿದ್ಯಾಲಯದ ಅನುಮತಿ ಪಡೆದು, ಹೆಸರುಗಳನ್ನು ತೆಗೆದ ಪ್ರತಿಯ ಮೇಲೆ, ಈ ಕೆಲಸವನ್ನು ಇಲ್ಲಿನ ಅರ್ಥಶಾಸ್ತ್ರ ಅಥವಾ ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಒಂದು ಪ್ರಬಂಧದ ಅವಧಿಯಲ್ಲಿ ಮಾಡಿ ಮುಗಿಸಬಹುದು.